ಕಾಯಿ ನೀರು ಕುಡಿದ ಗಿಟಾರ್

ನಮ್ಮ ನಂದಕಿಶೋರನಿಗೆ ತಾನು ಕಲಾವಿದ ಎಂಬ ಜಡ್ಡು ಹತ್ತಿ ಇಪ್ಪತ್ತೆರಡು ವರ್ಷವಾಯಿತು. ಹೊಟ್ಟೆಪಾಡಿಗೆ ತೊರವಿ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕ. ಗಾಜಿನ ಬಾಟಲಿ ತೊಳೆಸುವುದು, ಕಪಾಟಿಗೆ ಕೀಲಿ ಹಾಕುವುದು. ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದು ಮೈಕಿನ ಮುಂದೆ ನಿಂತರೆ ಮಾತ್ರ ಬೇರೆಯೇ ಮನುಷ್ಯ. ಕಪ್ಪು ಕನ್ನಡಕ ಏರುತ್ತದೆ, ಬಾಯಲ್ಲಿ ಹಿಂದಿ ಬರುತ್ತದೆ. ನಾನು ಶಿವಲಿಂಗ, ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಇಷ್ಟು ವರ್ಷ ಅವನ ಪಕ್ಕದಲ್ಲೇ ನಿಂತಿದ್ದೇನೆ. ಅವನನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವನ ಗಿಟಾರ್ ಕೆಂಪು ಬಣ್ಣದ್ದು. ಸೊಲ್ಲಾಪುರದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದವನು, ಊರಲ್ಲಿ ಮಾತ್ರ ಮುಂಬೈಯಿಂದ ಬಂತು ಅಂದ. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗಕ್ಕೆ ಬ್ರಿಜ್ ಅನ್ನುತ್ತಾರೆ. ಬಹಳಷ್ಟು ಗಿಟಾರುಗಳಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಇವನದು ಎರಡು ಮೊಳೆಗಳ ಮೇಲೆ ತಕ್ಕಡಿಯ ಹಾಗೆ ತೂಗುವಂಥದು. ಮುಂದಿನಿಂದ ತಂತಿಗಳು ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗುಗಳು ಎಳೆಯುತ್ತವೆ. ತಂತಿ ಜಾರಬಾರದೆಂದು ಎರಡೂ ತುದಿಗೆ ತಿರುಪು ಬಿಗಿದು ಬೀಗ ಹಾಕಿರುತ್ತಾರೆ. ಪಕ್ಕದಲ್ಲೊಂದು ಹಿಡಿಕೆ. ಅದನ್ನು ಒತ್ತಿದರೆ ಸ್ವರ ಬಳುಕುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ನಂದಕಿಶೋರನ ಬಲಗೈ ಆ ಹಿಡಿಕೆ ಬಿಟ್ಟು ಇದ್ದದ್ದನ್ನು ನಾನು ಕಂಡಿಲ್ಲ.

ಪ್ರತಿ ಮಹಾನವಮಿಗೆ ಅವನ ಮನೆಯಲ್ಲಿ ಖಂಡೆಪೂಜೆ, ಅಂದರೆ ಆಯುಧಪೂಜೆ. ಅವನ ತಾಯಿ ತುಳಸಾಬಾಯಿ ಕುಡಗೋಲು, ಈಳಿಗೆ, ಮಿಕ್ಸರು, ಸ್ಕೂಟರು ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದರು. ನಟ್ಟನಡುವೆ ಗಿಟಾರ್. ಅದು ಇವನದೇ ಹಟ. ಬ್ರಿಜ್ಜಿಗೆ ಅರಿಷಿಣ, ಕುಂಕುಮ ಹಚ್ಚಿಸಿ, ಒಡೆದ ಕಾಯಿಯ ನೀರನ್ನು ತಾನೇ ಕೈಯಾರೆ ಅದರ ಮೇಲೆ ಬಿಡುತ್ತಿದ್ದ. ಒರೆಸಲು ಹೋದರೆ ಮೈಮೇಲೆ ಬರುತ್ತಿದ್ದ.

"ಕುಂಕುಮ ಒರಸಬಾರದು. ತಾನ ಉದರಬೇಕು," ಅನ್ನುತ್ತಿದ್ದ.

ಕುಂಕುಮ ಉದುರಿತು, ತುಕ್ಕು ಉಳಿಯಿತು. ಈ ಸಲ ದಸರೆ ಮುಗಿದ ವಾರಕ್ಕೆ ಟಿಕೋಟಾದಲ್ಲಿ ಒಂದು ಕಾರ್ಯಕ್ರಮ. ಎರಡನೇ ಹಾಡಿನಲ್ಲಿ ಹಿಡಿಕೆ ಒತ್ತಿದ, ಬ್ರಿಜ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಆರೂ ತಂತಿ ಅಪಸ್ವರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಜನರೇಟರಿನ ಕರೆಂಟ್ ಸರಿಯಿಲ್ಲ ಅಂದ. ಕರೆಂಟಿಗೂ ತುಕ್ಕಿಗೂ ಏನು ಸಂಬಂಧವೋ ಅವನೇ ಬಲ್ಲ.

ಬೇರೆ ಹೊತ್ತಿನಲ್ಲಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ದೀಪಾವಳಿ ಕಳೆದು ತುಳಸಿ ಲಗ್ನದ ಹಬ್ಬ ಮುಗಿದ ಮೇಲೆ ಅವನ ಒಬ್ಬಳೇ ಮಗಳು ಪೂರ್ವಾಳ ಮದುವೆ ಇತ್ತು. ಬೀಗರು ಬಬಲೇಶ್ವರದವರು. ಹುಡುಗಿ ಅಪ್ಪನ ಹತ್ತಿರ ಕೇಳಿದ್ದು ಒಂದೇ.

"ಆರ್ಕೆಸ್ಟ್ರಾ ಬ್ಯಾಡಪ್ಪಾ. ರಿಸೆಪ್ಶನ್ನಿನಾಗ ನೀ ಒಬ್ಬನ ನುಡಸು. ನಾ ಸಣ್ಣಾಕಿದ್ದಾಗ ನುಡಸತಿದ್ದೆಲ್ಲ, ಆ ಜೋಗುಳ."

ಇವನು ಉಬ್ಬಿಹೋದ. "ಬೀಗರಿಗೆ ಈಗ ಏನೂ ಹೇಳಬ್ಯಾಡವಾ. ನಾ ಯಾರಂತ ನನ್ನ ಕೈನ ಹೇಳ್ತದ."

ಹೊಸ ಬ್ರಿಜ್ ಕೊರಿಯರಿನಲ್ಲಿ ಬಂತು. ಇಂಥದ್ದನ್ನು ತರಿಸುವಾಗ ಎರಡು ಮೊಳೆಗಳ ನಡುವಿನ ಅಂತರ ಅಳೆದು ತರಿಸಬೇಕು. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿದ ಈ ಮಹಾಶಯ ಅಳೆದದ್ದು ಬಣ್ಣವನ್ನು. ಬಂಗಾರದ ಬಣ್ಣದ್ದು ಬಂತು, ಮೊಳೆಗೆ ಕೂರಲಿಲ್ಲ. ಇಬ್ರಾಹಿಂಪುರದ ಶಕೀಲನಿಗೆ ತೋರಿಸು ಎಂದೆ. ಶಕೀಲ ತಂದೆಯ ಕಾಲದಿಂದ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವನು, ಈಗೀಗ ಹೊಲಿಗೆ ಯಂತ್ರವನ್ನೂ ನೋಡುತ್ತಾನೆ.

"ಪೇಟಿ ರಿಪೇರಿ ಮಾಡಾವಗ ಇದೇನ ತಿಳೀತದೋ?" ಅಂದ ನಂದಕಿಶೋರ.

ತಾನೇ ಕೂತ. ಹಳೆಯ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಹೊಸವನ್ನು ಅದೇ ತೂತಿಗೆ ಓರೆಯಾಗಿ ಸುತ್ತಿಗೆಯಿಂದ ಬಡಿದು ಬ್ರಿಜ್ ಕೂರಿಸಿದ. ಆರೂ ತಂತಿ ಒಮ್ಮೆಲೇ ಬಿಚ್ಚಿಟ್ಟಿದ್ದ. ಮತ್ತೆ ಹಾಕಿ ಒಂದನ್ನು ಬಿಗಿದರೆ ಉಳಿದ ಐದು ಸಡಿಲ, ಎರಡನೆಯದನ್ನು ಬಿಗಿದರೆ ಮೊದಲನೆಯದು ಸಡಿಲ. ನಾಲ್ಕು ದಿನ ಗಾಣದ ಎತ್ತಿನಂತೆ ಸುತ್ತಿದ. ಮದುವೆಗೆ ಎರಡು ದಿನ ಇರುವಾಗ ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು, ಯಾರಾದರೂ ನೋಡಿಯಾರು ಎಂದು ನನ್ನನ್ನು ಮುಂದೆ ಬಿಟ್ಟುಕೊಂಡು ಶಕೀಲನ ಅಂಗಡಿಗೆ ಬಂದ.

ಶಕೀಲ ತಿರುಗಿಸಿ ತಿರುಗಿಸಿ ನೋಡಿದ. "ಸರ, ಇದಕ್ಕ ಸುತ್ತಗಿಲೆ ಬಡದವರು ಯಾರ್ರೀ?"

ನಂದಕಿಶೋರ ಗೋಡೆಯ ಕ್ಯಾಲೆಂಡರ್ ನೋಡಿದ.

"ಮೊಳಿ ಕುಂತ ತೂತು ದೊಡ್ಡದಾಗೇತ್ರಿ. ಸಾಗವಾನಿ ತುಂಡು ಹಾಕಿ ಅಂಟಸ್ತೇನಿ, ಅಂತರ ನೋಡಿ ಹೊಸಾ ತೂತು ಕೊರಿತೇನಿ. ಆದ್ರ ಇದು ಗಟ್ಟಿ ಆಗೂತನಕ ತೂಗಾಕ ಬಿಡೂಹಂಗಿಲ್ಲ. ಬ್ರಿಜ್ಜಿನ ಹಿಂದ ಮುಂದ ಕಟ್ಟಿಗಿ ತುರುಕಿ ಅಲ್ಲಾಡಲಾರದಂಗ ಮಾಡಿ ಕೊಡ್ತೇನ್ರಿ."

"ಅಂದ್ರ ಹಿಡಕಿ?"

"ಹಿಡಕಿ ಸುಮ್ಮ ಇರತೈತ್ರಿ. ಶ್ರುತಿ ಮಾತ್ರ ಒಂದು ಕೂದಲೆಳಿ ಸರಿಯೂದಿಲ್ಲ."

ಬೇರೆ ದಾರಿ ಇರಲಿಲ್ಲ. ಮಾರನೆಯ ದಿನ ಗಿಟಾರ್ ತಯಾರಾಯಿತು. ಶಕೀಲ ಒಮ್ಮೆ ಆರೂ ತಂತಿ ಮೀಟಿದ. ಆ ಗಿಟಾರಿನಲ್ಲಿ ಅಷ್ಟು ಶುದ್ಧವಾದ ನಾದ ಇತ್ತೆಂದು ನನಗೆ ಅಂದೇ ತಿಳಿದದ್ದು. ನಂದಕಿಶೋರ ಒಂದು ಉಪಕಾರದ ಮಾತೂ ಆಡದೆ ಚಾದರ ಸುತ್ತಿದ.

ಬಬಲೇಶ್ವರದ ಮಂಗಲ ಕಾರ್ಯಾಲಯದಲ್ಲಿ ರಿಸೆಪ್ಶನ್. ಪೂರ್ವಾ ವೇದಿಕೆಯ ಕುರ್ಚಿಯಲ್ಲಿ ಮುಂದೆ ಬಾಗಿ ಕೂತಿದ್ದಳು. ನಂದಕಿಶೋರ ಕನ್ನಡಕ ಏರಿಸಿ ಜೋಗುಳ ಎತ್ತಿಕೊಂಡ. ಮೂರನೇ ಸ್ವರಕ್ಕೇ ಬೆರಳು ತಪ್ಪಿತು. ರೂಢಿಯಂತೆ ಕೈ ಹಿಡಿಕೆಗೆ ಹೋಯಿತು. ಅದು ಅಲ್ಲಾಡಲಿಲ್ಲ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ನಿಂತ ನನಗೆ ಆಗ ಗೊತ್ತಾಯಿತು: ಇವನು ತಪ್ಪಿದಾಗಲೆಲ್ಲ ಸ್ವರವನ್ನು ಬಳುಕಿಸಿ ಮುಚ್ಚಿಹಾಕುತ್ತಿದ್ದ, ನಾವು ಅದನ್ನು ಶೈಲಿ ಅನ್ನುತ್ತಿದ್ದೆವು. ಈಗ ಮುಚ್ಚಲು ಬೇರೆ ಉಪಾಯ ಇರಲಿಲ್ಲ. ಒಂದೊಂದು ತಪ್ಪೂ ಸ್ಪೀಕರಿನಿಂದ ಸ್ವಚ್ಛವಾಗಿ ಬಂತು. ನಡುವೆ ಎರಡು ಸಲ ನಿಂತ, ಕನ್ನಡಕ ತೆಗೆದು ಜೇಬಿಗೆ ಹಾಕಿದ, ಮತ್ತೆ ಮೊದಲಿನಿಂದ ಎತ್ತಿಕೊಂಡು, ಬೆರಳು ನೋಡಿಕೊಳ್ಳುತ್ತ, ನಿಧಾನವಾಗಿ ಕೊನೆಯವರೆಗೆ ನುಡಿಸಿದ.

ನನ್ನ ಪಕ್ಕದಲ್ಲಿ ಮದುಮಗನ ಅಜ್ಜ ಕೂತಿದ್ದರು. "ಬೀಗರು ಈಗ ಕಲಿಯಾಕತ್ತಾರೇನ್ರಿ?" ಎಂದು ಕೇಳಿದರು. ಅದರಲ್ಲಿ ಕೊಂಕು ಇರಲಿಲ್ಲ.

ಇಂಥ ಮಾತಿಗೆ ಇಷ್ಟು ವರ್ಷ ಕಾದವನು ನಾನು. ಆದರೆ ಬಾಯಿಗೆ ಬಂದದ್ದು ಬೇರೆ. "ಹೌದ್ರಿ. ಮಗಳ ಮದುವಿಗಂತ ಕಲತಾರ," ಅಂದುಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಜ್ಜ ಕೋಲೂರಿಕೊಂಡು ಎದ್ದು ಸೀದಾ ವೇದಿಕೆಗೆ ಹೋದರು. ಎಲ್ಲರ ಮುಂದೆ ನಂದಕಿಶೋರನ ಬೆನ್ನು ತಟ್ಟಿ, "ಈ ವಯಸ್ಸಿನಾಗ ಮಗಳ ಸಲುವಾಗಿ ಕಲತೀರಿ. ಶಾಬಾಸ್ರಿ," ಅಂದರು. ಮೈಕು ಚಾಲೂ ಇತ್ತು, ಇಡೀ ಕಾರ್ಯಾಲಯಕ್ಕೆ ಕೇಳಿತು. ನಂದಕಿಶೋರ ಮೊದಲು ನನ್ನ ಕಡೆ ನೋಡಿದ, ಆಮೇಲೆ ಮಗಳ ಕಡೆ. ಪೂರ್ವಾ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವನು ಎರಡೂ ಕೈ ಜೋಡಿಸಿದ.

"ಹೂಂರಿ," ಅಂದ. "ಇನ್ನೂ ಭಾಳ ಕಲಿಯೂದದರಿ."