ಜರಡಿಗೆ ಸಿಕ್ಕ ಬಿಳಿ ಮೊಟ್ಟೆ

ಸ್ನೇಹಿತರೇ, ನನಗೆ ಪಕ್ಕದ ಮನೆ ಚಂದ್ರಶೇಖರಯ್ಯನವರ ಮೇಲೆ ಅನುಮಾನ. ತಪ್ಪಾ, ನೀವೇ ಹೇಳಿ.

ಗೋವಿಂದರಾಜನಗರದ ಮನೆಗೆ ಮಹಡಿ ಕಟ್ಟಿಸ್ತಾ ಇದೀನಿ. ಸಿಮೆಂಟ್ ಪರ್ಮಿಟ್ಟಿಗೆ ಓಡಾಡಿ ಚಪ್ಪಲಿ ಸವೆಸಿದ್ದಾಯ್ತು. ಈಗ ಬಾಗಿಲ ಮುಂದೆ ಸುರಿಸಿದ ಮರಳು ದಿನೇ ದಿನೇ ಕರಗ್ತಾ ಇದೆ! ಇವತ್ತು ಬೆಳಿಗ್ಗೆ ಜರಡಿ ಹಿಡೀತಿದ್ದ ಮೇಸ್ತ್ರಿ ಹೌಹಾರಿ ಹಿಂದಕ್ಕೆ ನೆಗೆದ.

"ಸಾರ್, ಯಾರೋ ಮೊಟ್ಟೆ ಹೂತಿದ್ದಾರೆ. ಮಾಟ! ನಾನಂತೂ ಇವತ್ತು ಕರಣೆ ಮುಟ್ಟಲ್ಲ."

ನನ್ನ ಹೆಂಡತಿ ನಿಂಬೆಹಣ್ಣು ತರೋಕೆ ಒಳಗೆ ಓಡಿದಳು. ಅಷ್ಟರಲ್ಲಿ ಚಂದ್ರಶೇಖರಯ್ಯ ಬಂದರು. ಲುಂಗಿ ಉಟ್ಟಿದ್ದರು, ಕೈಯಲ್ಲಿ ತುದಿ ಬಾಗಿದ ಕಬ್ಬಿಣದ ಕೋಲು.

"ಅದು ನನ್ನ ಗಾಲ್ಫ್ ಚೆಂಡು ಕಣ್ರೀ. ಭಾನುವಾರ ನಮ್ಮ ಸಾಹೇಬ್ರು ಆಟಕ್ಕೆ ಕರೆದಿದ್ದಾರೆ. ಅಲ್ಲಿ ಮರಳಿನ ಗುಂಡಿಗೆ ಚೆಂಡು ಬಿದ್ರೆ ಅಲ್ಲಿಂದಲೇ ಹೊಡೀಬೇಕು. ಅದಕ್ಕೇ ಇಲ್ಲಿ ಪ್ರಾಕ್ಟೀಸು."

"ಸರಿ, ಮರಳು ಯಾಕ್ರೀ ಕಮ್ಮಿ ಆಗ್ತಿದೆ?"

"ಚೆಂಡಿಗೆ ಹೊಡೀಬಾರದು ರೀ. ಅದರ ಹಿಂದಿನ ಮರಳಿಗೆ ಹೊಡೀಬೇಕು. ಮರಳೇ ಚೆಂಡನ್ನ ಎತ್ತಿಕೊಂಡು ಹೋಗುತ್ತೆ."

ಚೆಂಡಿಗೆ ಹೊಡೆಯದ ಚೆಂಡಾಟ! ಎಲ್ಲಿ, ತೋರಿಸಿ ಅಂದೆ. ಚೆಂಡನ್ನ ಮರಳಿನ ಮೇಲಿಟ್ಟು ಕೋಲು ಬೀಸಿದರು. ಚೆಂಡು ಕೂತಲ್ಲೇ ಕೂತಿತ್ತು. ಬಾಂಡ್ಲಿಯಷ್ಟು ಮರಳು ಮಾತ್ರ ಹಾರಿ ಅವರ ಕಾಂಪೌಂಡಿನೊಳಗೆ ಬಿತ್ತು.

ಬಗ್ಗಿ ನೋಡಿದೆ. ಒಳಗೆ ಇನ್ನೊಂದು ಮರಳಿನ ಗುಡ್ಡೆ. ಅದರ ಪಕ್ಕ ಅರ್ಧ ಎದ್ದ ಹೊಸ ಬಚ್ಚಲುಮನೆ.

ಭಾನುವಾರ ಅವರು ಗೆಲ್ತಾರೋ ಸೋಲ್ತಾರೋ ನನಗೆ ಗೊತ್ತಿಲ್ಲ. ಬಚ್ಚಲುಮನೆಯ ಗಾರೆ ಕೆಲಸ ಮುಗಿಯೋವರೆಗೂ ಪ್ರಾಕ್ಟೀಸ್ ನಿಲ್ಲಲ್ಲ, ಅದು ಮಾತ್ರ ಗ್ಯಾರಂಟಿ.