ಯಂಕಮ್ಮ ಒತ್ತಿದ ಹೆಬ್ಬೆಟ್ಟು

ಶಹಾಬಾದದ ಪರಸಿ ಕಲ್ಲಿನ ಖಣಿಯಲ್ಲಿ ಜಟ್ಟೆಪ್ಪನದು ಕಿವಿಯ ಕೆಲಸ. ಕಿತ್ತು ತೆಗೆದ ಹಾಸುಗಲ್ಲನ್ನು ಸಣ್ಣ ಸುತ್ತಿಗೆಯಿಂದ ಬಡಿದು, ನಾದ ಒಡಕಾದರೆ ಒಳಗೆ ಬಿರುಕಿದೆ ಎಂದು ಆರಿಸಿ ಬದಿಗಿಡುವುದು. ಅವನ ಹೆಂಡತಿ ಯಂಕಮ್ಮ ಅದೇ ಖಣಿಯಲ್ಲಿ ಬುಟ್ಟಿ ಹೊರುತ್ತಿದ್ದಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನ ತಾಯಿ ಭೀಮಮ್ಮ ಒಬ್ಬಳೇ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಅವನ ಬಲಗಿವಿ ಮಂದವಾಯಿತು. ಆ ಬದಿಗೆ ನಿಂತು ಕರೆದರೆ ಅವನು ತಿರುಗಿ ನೋಡುತ್ತಿರಲಿಲ್ಲ. ಏನೋ ಸಿಟ್ಟಿರಬೇಕು ಅಂದುಕೊಂಡಳು ಯಂಕಮ್ಮ. ಆಮೇಲೆ ನಡಿಗೆ ತೂರಾಡತೊಡಗಿತು. ಸೇಂದಿ ಮುಟ್ಟದವನನ್ನು ಜನ ಕುಡುಕನೆಂದರು. ಬಿರುಕುಗಲ್ಲುಗಳು ಒಳ್ಳೆಯವುಗಳ ಜೊತೆ ಸೇರಿಹೋಗುವುದನ್ನು ಕಂಡು ಮೇಸ್ತ್ರಿ ಅಬ್ದುಲ್ ಕರೀಮ್ ಅವನನ್ನು ಕರೆದು ಕೇಳಿದ.

"ಜಟ್ಟೆಪ್ಪಾ, ಖರೇ ಹೇಳು. ಏನಾಗ್ಯಾದ ನಿಂಗ?"

"ಕಿವ್ಯಾಗ ಜೀರುಂಡಿ ಕೂಗಿದಂಗ ಆಗಾಕತ್ತದರಿ ಸಾಹೇಬ್ರ. ಒಂದ್ ಗಳಿಗಿ ಬಿಡಂಗಿಲ್ಲ."

ಬೆಳಗಾದರೆ ತಲೆನೋವು, ವಾಂತಿ. ಹೈದರಾಬಾದಿನ ಡಾಕ್ಟರು ಅವನ ಕಣ್ಣೊಳಗೆ ದೀಪ ಹಿಡಿದು ನೋಡಿ, ಮುಂಬೈಗೆ ಚೀಟಿ ಬರೆದುಕೊಟ್ಟರು. ಗಂಡ ಹೆಂಡತಿ ರೈಲು ಹತ್ತಿದರು.

ಅಲ್ಲಿಯ ಧರ್ಮದ ದವಾಖಾನೆಯಲ್ಲಿ ಸೊಲ್ಲಾಪುರ ಕಡೆಯ ನರ್ಸಮ್ಮ ಒಬ್ಬಳು ಡಾಕ್ಟರ ಮಾತನ್ನು ಬಿಡಿಸಿ ಹೇಳಿದಳು. "ಕಿವಿಯಿಂದ ಮೆದುಳಿಗೆ ಹೋಗೋ ನರದ ಮ್ಯಾಲ ಗಂಟು ಬೆಳದದ. ಹಂಗೇ ಬಿಟ್ರ ಕಣ್ಣು ಹೋಗ್ತಾವ, ಆಮ್ಯಾಲ ಜೀವ. ಕೊಯ್ದು ತೆಗೀಬಹುದು. ಆದ್ರ ಮಾರಿ ನರ ಅದರ ಮಗ್ಗಲಿಗೇ ಅದ. ಅದು ಕಡೀತಂದ್ರ ಮಾರಿ ಸೊಟ್ಟ ಆಗ್ತದ. ಮೇಜಿನ ಮ್ಯಾಲೇ ಜೀವ ಹೋದ್ರೂ ಹೋಗಬಹುದು."

ಜಟ್ಟೆಪ್ಪ ಗೋಡೆ ಕಡೆ ನೋಡುತ್ತ ಕೂತ. "ನೀನೇ ಹೇಳು. ನಂಗ ತಿಳೀವಲ್ದು" ಅಂದ.

ಯಂಕಮ್ಮ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಜೀವ ಉಳಿಯಿತು. ಮುಖದ ಬಲಭಾಗ ಮಾತ್ರ ಸತ್ತಂತಾಯಿತು. ತುಟಿ ಜೋತುಬಿತ್ತು, ಕಣ್ಣು ಮುಚ್ಚದಾಯಿತು. ಗಂಟಿನ ಒಂದು ಚೂರು ಮೆದುಳಿಗೆ ಅಂಟಿಕೊಂಡಿದ್ದರಿಂದ ಡಾಕ್ಟರು ಅದನ್ನು ಬಿಟ್ಟಿದ್ದರು. ಅದನ್ನು ಸುಡಲೆಂದು ಐದು ವಾರ ಎಕ್ಸ್‌ರೇ ಯಂತ್ರದ ಕೆಳಗೆ ಮಲಗಿಸಿದರು. ಕಿವಿಯ ಹಿಂದಿನ ಕೂದಲು ಉದುರಿ, ಚರ್ಮ ಕಪ್ಪಾಗಿ ಒಡೆಯಿತು. ಆ ಹುಣ್ಣು ಕೊನೆಯವರೆಗೂ ಪೂರ್ತಿ ಮಾಯಲಿಲ್ಲ.

ಊರಿಗೆ ಬಂದ ದಿನ ಭೀಮಮ್ಮ ಮಗನ ಮುಖ ನೋಡಿ ಹೊಸ್ತಿಲಲ್ಲೇ ಕುಸಿದಳು. "ಚೆಂದನ ಮಾರಿ ಒಯ್ದು ಕೊಯ್ಸಿಕೊಂಡು ಬಂದ್ಯೇನ, ಪಾಪಿ?" ಎಂದು ಸೊಸೆಗೆ ಅಂದಳು. ಗಂಡ ತನ್ನ ಪರವಾಗಿ ಏನಾದರೂ ಅಂದಾನು ಎಂದು ಯಂಕಮ್ಮ ಕಾದಳು. ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಅವನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ನೀರು ಕುಡಿದರೆ ಬಾಯಿಯ ಒಂದು ಬದಿಯಿಂದ ಸೋರಿ ಅಂಗಿ ತೋಯುತ್ತಿತ್ತು. ತಿಂಗಳು ಕಳೆದ ಮೇಲೊಂದು ಮಧ್ಯಾಹ್ನ ಯಂಕಮ್ಮ ತನ್ನ ಊಟದ ಗಂಗಾಳ ತಂದು ಅವನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಕೂತಳು.

"ಏಳು, ನೋಡಬ್ಯಾಡ."

"ನಿಮ್ಮ ಮಾರಿ ನಾ ನೋಡಲಾರದ ಇನ್ಯಾರು ನೋಡಬೇಕರಿ? ಸಿಟ್ಟಿದ್ರ ಬೈದುಬಿಡ್ರಿ."

ರೊಟ್ಟಿ ಮುರಿಯುತ್ತ ಅವನು ಅಂದ: "ನಿನ್ನ ಮ್ಯಾಲಲ್ಲ. ನೀ ಒತ್ತದಿದ್ರ ಇಷ್ಟೊತ್ತಿಗೆ ಮಣ್ಣಾಗ ಇರ್ತಿದ್ದೆ. ಆದ್ರ ಒಮ್ಮೊಮ್ಮೆ ಅದೇ ಭೇಷಿತ್ತು ಅನಿಸ್ತದ."

ಬಗ್ಗಿದರೆ ತಲೆ ತಿರುಗಿ ಬೀಳುವವನು ಕಲ್ಲು ಬಡಿಯುವುದು ಸಾಧ್ಯವಿರಲಿಲ್ಲ. ಎಡಗಿವಿ ಮಾತ್ರ ಚೆನ್ನಾಗಿತ್ತು. ಅಬ್ದುಲ್ ಕರೀಮನ ಒಪ್ಪಿಗೆ ಪಡೆದು ಯಂಕಮ್ಮ ಸುತ್ತಿಗೆ ಹಿಡಿದಳು. ಅವನು ನೆರಳಿನಲ್ಲಿ ಕೂತು ಕಲಿಸಿದ. "ಅವಸರ ಮಾಡಬ್ಯಾಡ. ಬಡಿದ ಮ್ಯಾಲ ನಾದ ಹೆಂಗ ಸಾಯ್ತದ, ಅದನ್ನ ಕೇಳು." ಎರಡು ವರ್ಷದಲ್ಲಿ ಅವನ ಹೆಸರಿನ ಕೆಲಸ ಅವಳದಾಯಿತು. ಅಪರೂಪಕ್ಕೆ ನಗುತ್ತಿದ್ದ, ಆಗ ಎಡಗೆನ್ನೆಯಷ್ಟೇ ಮೇಲೇಳುತ್ತಿತ್ತು.

ಮುಚ್ಚದ ಕಣ್ಣಿಗೆ ಅವಳು ದಿನವೂ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು. ಆದರೂ ಖಣಿಯ ಧೂಳಿಗೆ ಅದು ಹುಣ್ಣಾಗಿ, ಬಿಳಿಚಿ, ಹೋಯಿತು. ಕೊಯ್ಸಿಕೊಂಡು ಬಂದ ಆರನೇ ವರ್ಷ ಗಂಟು ಮತ್ತೆ ಬೆಳೆಯಿತು. ಕಾಲು ಏಳಲಿಲ್ಲ, ಗುಟುಕು ಇಳಿಯಲಿಲ್ಲ. ಮತ್ತೆ ಮುಂಬೈಗೆ ಹೋಗೋಣವೆಂದಳು. "ಬ್ಯಾಡ" ಎಂದು ಕೈಯಾಡಿಸಿದ. ಈ ಸಲ ನಿರ್ಧಾರ ಅವನದೇ. ಜೋಳದ ತೆನೆ ಮುರಿಯುವ ಕಾಲದಲ್ಲಿ, ಅಂಬಲಿ ನೆತ್ತಿಗೆ ಹತ್ತಿ ಜ್ವರ ಬಂದು, ಮೂರೇ ದಿನದಲ್ಲಿ ತೀರಿಕೊಂಡ. ಕಾಗಿಣಾ ನದಿಯ ದಂಡೆಯಲ್ಲಿ ಮಣ್ಣು ಮಾಡಿದರು.

ಹನ್ನೆರಡನೆಯ ದಿನಕ್ಕೆ ಯಂಕಮ್ಮ ಖಣಿಗೆ ಹೋದಳು. ಹೊಟ್ಟೆ ಕೇಳುವುದಿಲ್ಲವಲ್ಲ. ಮಧ್ಯಾಹ್ನ ಕೋಲೂರಿಕೊಂಡು ಭೀಮಮ್ಮ ಅಷ್ಟು ದೂರ ನಡೆದು ಬಂದು, ಸೊಸೆಯ ಮುಂದೆ ಬುತ್ತಿ ಬಿಚ್ಚಿದಳು.

"ಅವತ್ತು ಹೊಸ್ತಿಲದಾಗ ನಾ ಅಂದದ್ದು ಭಾಳ ಆತು. ಉಣ್ಣವ್ವ" ಅಂದಳು ಮುದುಕಿ. ಯಂಕಮ್ಮನಿಗೆ ಆಗ ಅಳು ಬಂತು. ಇಬ್ಬರೂ ಅತ್ತರು.