ಟ್ಯಾಬಿನ ಮುಂದೆ ಎದ್ದು ನಿಂತ ದೊಡ್ಡವ್ವ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಕಂಡವರ ಅರಿಶಿನದ ಹೊಲದಲ್ಲಿ ಕಳೆ ಕಿತ್ತು ನನಗೆ ನರ್ಸಿಂಗ್ ಓದಿಸಿದವಳು ಅವ್ವನ ಅಕ್ಕ, ನನ್ನ ದೊಡ್ಡವ್ವ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹನೂರು ದಾಟಿ, ಕೌದಳ್ಳಿಗೆ ಮೊದಲೇ ಒಳಗೆ ತಿರುಗುವ ನಮ್ಮೂರಿನ ಉಪಕೇಂದ್ರದಲ್ಲೇ ನನಗೆ ಕೆಲಸ ಸಿಕ್ಕಿತು. ಅಲ್ಲಿ ಡಾಕ್ಟರಿಲ್ಲ. ಗುರುವಾರ ಕೊಳ್ಳೇಗಾಲದಿಂದ ಡಾಕ್ಟರು ಟ್ಯಾಬಿನ ವಿಡಿಯೋದಲ್ಲಿ ಬರುತ್ತಾರೆ. ರೋಗಿಯನ್ನು ಮುಂದೆ ಕೂರಿಸಿ ಮಾತಾಡಿಸುವುದು ನನ್ನ ಪಾಲು.

ಒಂದು ಗುರುವಾರ ದೊಡ್ಡವ್ವ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದಳು: "ಗೊಬ್ಬರದ ಮಂಕ್ರಿ ಒತ್ಕಂಡು ನಾಕು ಎಜ್ಜೆ ಇಟ್ರೆ ಎದೆ ಇಂಡ್ದಂಗಾಯ್ತದೆ ಕಣ್ಮಗ."

"ಇದ್ನೇ ಡಾಕ್ಟ್ರಿಗೂ ಏಳು," ಅಂದೆ.

ಪರದೆಯ ಮೇಲೆ ಡಾಕ್ಟರ ಮುಖ ಬಂದದ್ದೇ ತಡ, ದೊಡ್ಡವ್ವ ಎದ್ದು ನಿಂತು ಕೈ ಮುಗಿದಳು.

"ಸಿಸ್ಟರ್, ನನಗೆ ಬರೀ ಸೀರೆ ಕಾಣ್ತಿದೆ. ಕೂರಿಸಿ ಅವರನ್ನ."

"ಕುಂತ್ಕೊ ದೊಡ್ಡವ್ವ."

"ಅಷ್ಟು ದೊಡ್ಡೋರು ಬಂದವ್ರೆ, ಕುಂತ್ಕಂಡು ಮಾತಾಡಕಾದದಾ? ನೀನೊಬ್ಳು!"

ಡಾಕ್ಟರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಟ್ಯಾಬನ್ನೇ ಎತ್ತಿ ಅವಳ ಮುಖಕ್ಕೆ ಹಿಡಿದೆ.

"ಹೇಗಿದ್ದೀರಮ್ಮ?"

"ತಮ್ಮ ದಯದಿಂದ ಚೆನ್ನಾಗಿವ್ನಿ ಸಾ. ತಮ್ದು ಊಟ ಆಯ್ತಾ?"

ನಮ್ಮ ಕಡೆ ದೊಡ್ಡವರು ಮೊದಲ ಸಲ ವಿಚಾರಿಸಿದಾಗ ಯಾರೂ ಕಷ್ಟ ತೋಡಿಕೊಳ್ಳುವುದಿಲ್ಲ. ಚೆನ್ನಾಗಿದ್ದೀನಿ ಅನ್ನಬೇಕು. "ಮತ್ಯಾಕೆ ಮುಖ ಬಾಡಿದೆ?" ಎಂದು ಅವರು ಇನ್ನೊಂದು ಸಲ ಕೇಳಬೇಕು. ಆಮೇಲೆ ನೋವು ಹೊರಗೆ ಬರುತ್ತದೆ. ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಬಿ.ಪಿ. ಎಷ್ಟೆಂದು ಕೇಳಿದರು, ಹೇಳಿದೆ. ಹೆಚ್ಚೇನೂ ಇರಲಿಲ್ಲ. ಎದೆ ಹಿಂಡುವ ವಿಷಯ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅವರೇ, "ಎಲ್ಲ ಸೆಂಟರಿಗಿಂತ ನೀವೇ ನೀಟಾಗಿ ಮಾಡ್ತೀರಿ ಸಿಸ್ಟರ್. ನೆಕ್ಸ್ಟ್ ಕರೀರಿ," ಅಂದರು. ನಾನು ಉಬ್ಬಿಹೋದೆ. "ಥ್ಯಾಂಕ್ಯೂ ಸರ್" ಅಂದೆ. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

"ಎದೆ ಇಚಾರ ಬರೋ ಗುರುವಾರ ಡಾಕ್ಟ್ರಿಗೆ ಏಳವ ದೊಡ್ಡವ್ವ."

"ಆಗ್ಲೇಳು. ಎಷ್ಟು ಮರ್ವಾದೆಯಾಗಿ ಮಾತಾಡುಸ್ತರೆ ನಿನ್ನ!" ಎಂದು ಹಿಗ್ಗುತ್ತಾ ಚಪ್ಪಲಿ ಮೆಟ್ಟಿದಳು.

ಮಂಗಳವಾರ ಅರಿಶಿನದ ಸಾಲಿನಲ್ಲೇ ಕುಸಿದಳು. ನಾನು ಓಡಿ ಹೋಗಿ ಕೈ ಹಿಡಿದಾಗ ನಾಡಿ ಸಿಗಲಿಲ್ಲ. ಬೆರಳ ಸಂದಿಯಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು.

ಈಗಲೂ ಗುರುವಾರ ಡಾಕ್ಟರು ಬರುತ್ತಾರೆ. ಹೇಗಿದ್ದೀರಿ ಎಂದು ಕೇಳುತ್ತಾರೆ. ನಮ್ಮವರು ಎದ್ದು ನಿಂತು, ಕೈ ಮುಗಿದು, ಚೆನ್ನಾಗಿದ್ದೀನಿ ಅನ್ನುತ್ತಾರೆ. ನಾನು ನಡುವೆ ಬಾಯಿ ಹಾಕುತ್ತೇನೆ:

"ಇಲ್ಲ ಸರ್, ಚೆನ್ನಾಗಿಲ್ಲ."